ರನ್‌ವೇ ಹತ್ತಿರ ಬಂದಾಗಲೇ ಚಿತ್ರ ತಡವರಿಸಿದರೆ

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಪೈಲಟ್ ಆಗಬೇಕೆಂಬ ಆಸೆ. ಮನೆಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಹಾಕಿಕೊಂಡು ಸೆಸ್ನಾ 172 ಮತ್ತು ಏರ್‌ಬಸ್ ಎ320 ಹಾರಿಸುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್, 16 ಜಿಬಿ ರ‍್ಯಾಮ್, 144 ಹರ್ಟ್ಸ್ ಪರದೆ ಇದೆ. ಮೇಲೆ ಹಾರುವಾಗ ಎಲ್ಲ ಚೆನ್ನಾಗಿರುತ್ತದೆ. ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 20ರ ಆಸುಪಾಸಿಗೆ ಬಿದ್ದು ಚಿತ್ರ ತಡೆತಡೆದು ಓಡುತ್ತದೆ. ಎಲ್ಲವನ್ನೂ 'ಲೋ'ಗೆ ಇಳಿಸಿದರೆ ಆಟಿಕೆಯ ಹಾಗೆ ಕಾಣುತ್ತದೆ ಎಂದು ಬೇಸರಿಸುತ್ತಾಳೆ. ಅಂಗಡಿಯವರು ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಡೆಸ್ಕ್‌ಟಾಪ್ ತೆಗೆದುಕೊಳ್ಳಿ ಅನ್ನುತ್ತಾರೆ. ಅವಳ ಸ್ನೇಹಿತರು ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರಿಗೆ ಹೋಗು ಅನ್ನುತ್ತಾರೆ. ಏನು ಮಾಡಲಿ?
(ದಾವಣಗೆರೆಯ ಓದುಗರು)

ಉತ್ತರ: ಅಂಗಡಿಗೆ ಹೋಗುವ ಮೊದಲು ಒಂದು ಸಂಜೆ ನನಗಾಗಿ ಬಿಟ್ಟುಕೊಡಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ವಿಮಾನವನ್ನು ಕೆಂಪೇಗೌಡ ನಿಲ್ದಾಣದ ಗೇಟಿನಲ್ಲಿ ಸುಮ್ಮನೆ ನಿಲ್ಲಿಸಿ, ಎಫ್‌ಪಿಎಸ್ ಎಷ್ಟಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಗ್ರಾಫಿಕ್ಸ್ ಸೆಟ್ಟಿಂಗ್ಸಿನಲ್ಲಿ ರೆಂಡರ್ ಸ್ಕೇಲಿಂಗ್ ಎಂಬುದನ್ನು, ಅಂದರೆ ಚಿತ್ರವನ್ನು ಎಷ್ಟು ಚುಕ್ಕೆಗಳಲ್ಲಿ ಬಿಡಿಸಬೇಕು ಎಂಬುದನ್ನು, 100ರಿಂದ 60ಕ್ಕೆ ಇಳಿಸಿ. ಚಿತ್ರ ಮಂಜಾಗುತ್ತದೆ, ಆಗಲಿ. ಎಫ್‌ಪಿಎಸ್ ಮತ್ತೆ ನೋಡಿ. 20 ಇದ್ದದ್ದು 30ಕ್ಕೆ ಏರಿದರೆ ನಿಮ್ಮ ತೊಂದರೆ ಗ್ರಾಫಿಕ್ಸ್ ಚಿಪ್ಪಿನದು. 20 ಇದ್ದದ್ದು 20 ಅಥವಾ 21ರಲ್ಲೇ ನಿಂತರೆ ಗ್ರಾಫಿಕ್ಸ್ ಚಿಪ್ಪು ಕೆಲಸವಿಲ್ಲದೆ ಕಾಯುತ್ತ ಕೂತಿದೆ, ತಡವಾಗುತ್ತಿರುವುದು ಪ್ರೊಸೆಸರಿನಲ್ಲಿ. ನೀವು ಬರೆದ ಲಕ್ಷಣ, ಅಂದರೆ ಮೇಲೆ ಸುಗಮ, ದೊಡ್ಡ ನಿಲ್ದಾಣದ ಹತ್ತಿರ ತಡವರಿಕೆ, ನೋಡಿದರೆ ಎರಡನೆಯದೇ ಇರಬಹುದು ಎಂಬುದು ನನ್ನ ಅಂದಾಜು. ಹಾಗಿದ್ದಲ್ಲಿ ಎಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ತಂದರೂ ಅದೇ ಗೇಟಿನಲ್ಲಿ ಅದೇ 20 ನಿಮ್ಮನ್ನು ಸ್ವಾಗತಿಸುತ್ತದೆ.

ಈ ಮಾತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. 2006ರಲ್ಲಿ ಬಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಕಾಲದಲ್ಲಿ ನಾನು ಎರಡು ತಿಂಗಳ ಸಂಬಳದಷ್ಟು ಹಣ ಸುರಿದು ಹೊಸ ಕಾರ್ಡ್ ಹಾಕಿಸಿದ್ದೆ. ನೀರಿನ ಮೇಲೆ ಬಿಸಿಲು ಮಿನುಗುವುದು ಚೆನ್ನಾಗಿ ಕಂಡಿತು. ದೊಡ್ಡ ನಿಲ್ದಾಣಗಳಲ್ಲಿ ಇಳಿಯುವಾಗಿನ ತಡವರಿಕೆ ಒಂದಿಷ್ಟೂ ಕಡಿಮೆಯಾಗಲಿಲ್ಲ. ಆ ಸಿಮ್ಯುಲೇಟರ್ ಬಹುಪಾಲು ಕೆಲಸವನ್ನು ಪ್ರೊಸೆಸರಿನ ಒಂದೇ ಕೋರ್ ಮೇಲೆ ಹೇರುತ್ತಿತ್ತು ಎಂಬುದು ಆಮೇಲೆ ತಿಳಿಯಿತು. ಇಂದಿನ ಸಿಮ್ಯುಲೇಟರ್‌ಗಳು ಕೆಲಸ ಹಂಚುವುದರಲ್ಲಿ ಬಹಳ ಮುಂದೆ ಬಂದಿವೆ, ಆದರೂ ಮುಖ್ಯ ಥ್ರೆಡ್ ಎಂಬ ಒಬ್ಬ ಮೇಸ್ತ್ರಿ ಇದ್ದೇ ಇದ್ದಾನೆ. ವಿಮಾನದ ಚಲನೆ, ಗಾಳಿ, ಕಾಕ್‌ಪಿಟ್ಟಿನ ಪರದೆಗಳು, ನೆಲದ ಮೇಲಿನ ಲಾರಿ-ಬಸ್ಸು, ಬೇರೆ ವಿಮಾನಗಳು, ಯಾವ ಕಟ್ಟಡ ಈಗ ಕಾಣಬೇಕು ಎಂಬ ತೀರ್ಮಾನ, ಎಲ್ಲವೂ ಒಂದಲ್ಲ ಒಂದು ಹಂತದಲ್ಲಿ ಅವನ ಕೈ ದಾಟಿಯೇ ಹೋಗಬೇಕು. ಅವನು ಹೇಳಿದ ಮೇಲಷ್ಟೇ ಗ್ರಾಫಿಕ್ಸ್ ಚಿಪ್ಪು ಬಣ್ಣ ಬಳಿಯುವುದು. 30 ಸಾವಿರ ಅಡಿಯಲ್ಲಿ ಅವನಿಗೆ ಬಿಡುವು. ದೊಡ್ಡ ನಗರದ ಮಗ್ಗುಲಿನ ದೊಡ್ಡ ನಿಲ್ದಾಣಕ್ಕೆ ಎ320 ಇಳಿಸುವಾಗ ಎಲ್ಲ ಕೆಲಸವೂ ಒಟ್ಟಿಗೆ ಅವನ ಮೇಲೆ ಬೀಳುತ್ತದೆ.

ಸಿಮ್ಯುಲೇಟರಿನ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ ಪಟ್ಟಿಯನ್ನು ತೆರೆದರೆ ಅದೇ ಈ ವಿಷಯ ಹೇಳುತ್ತದೆ. ತಡೆ ಮುಖ್ಯ ಥ್ರೆಡ್ಡಿನದೋ ಜಿಪಿಯು ಎಂಬ ಗ್ರಾಫಿಕ್ಸ್ ಚಿಪ್ಪಿನದೋ ಎಂದು ಅಲ್ಲಿ ಬರೆದಿರುತ್ತದೆ. ನಾನು ಮಂಜು ಮಾಡಿ ನೋಡುವ ಪರೀಕ್ಷೆಯನ್ನೇ ಮೊದಲು ಹೇಳುವುದು ಯಾಕೆಂದರೆ, ಅದನ್ನು ಯಾವ ಸಿಮ್ಯುಲೇಟರಿನಲ್ಲೂ ಮಾಡಬಹುದು, ಕಣ್ಣೆದುರೇ ಅರ್ಥವಾಗುತ್ತದೆ.

ಈಗ ಇಳಿಯುವ ಘಳಿಗೆಗೆ ಬರೋಣ. ಮಗಳ ಬೇಸರ ಚಿತ್ರದ ಅಂದದ ಬಗ್ಗೆ. ಆದರೆ ಅವಳ ಕಲಿಕೆಗೆ ಪೆಟ್ಟು ಬೀಳುತ್ತಿರುವುದು ಬೇರೆ ಕಡೆ. ಎ320 ಸುಮಾರು 140 ನಾಟ್ ವೇಗದಲ್ಲಿ ರನ್‌ವೇಗೆ ಬರುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 72 ಮೀಟರ್. ಮೂರು ಡಿಗ್ರಿ ಇಳಿಜಾರಿನಲ್ಲಿ ನಿಮಿಷಕ್ಕೆ ಸುಮಾರು 700 ಅಡಿ ಕೆಳಗೆ ಬರುತ್ತದೆ, ಸೆಕೆಂಡಿಗೆ ಮೂರೂವರೆ ಮೀಟರ್. 30 ಅಡಿ ಎತ್ತರದ ಸುಮಾರಿಗೆ ಮೂತಿ ಎತ್ತಲು ಶುರು ಮಾಡಬೇಕು. ಪೈಲಟ್‌ಗಳು ಫ್ಲೇರ್ ಅನ್ನುವುದು ಇದಕ್ಕೇ. ಅಲ್ಲಿಂದ ಚಕ್ರ ನೆಲ ಮುಟ್ಟುವವರೆಗೆ ಸಿಗುವುದು ಕೆಲವೇ ಸೆಕೆಂಡು. ಈಗ 20 ಅಡಿಯಲ್ಲಿರುವಾಗ ಚಿತ್ರ ಸೆಕೆಂಡಿನ ಮೂರನೆಯ ಒಂದು ಭಾಗ ನಿಂತುಬಿಟ್ಟಿತು ಅನ್ನಿ. ಅಷ್ಟರಲ್ಲಿ ವಿಮಾನ ಒಂದು ಮೀಟರಿಗಿಂತ ಹೆಚ್ಚು ಕೆಳಗಿಳಿದಿರುತ್ತದೆ. ಉಳಿದಿದ್ದ ಎತ್ತರವೇ ಆರು ಮೀಟರ್. ಅವಳ ಕಣ್ಣಿಗೆ ಬಿದ್ದದ್ದು ಹಳೆಯ ಚಿತ್ರ, ಕೈ ಕೊಟ್ಟ ಉತ್ತರವೂ ಹಳೆಯ ಪ್ರಶ್ನೆಗೆ. ಚಿತ್ರ ಮತ್ತೆ ಓಡಿದಾಗ ನೆಲ ಮೇಲೆ ಹಾರಿ ಬಂದಂತೆ ಕಂಡು ಸ್ಟಿಕ್ ಜೋರಾಗಿ ಎಳೆಯುತ್ತಾಳೆ, ವಿಮಾನ ಮೇಲೇಳುತ್ತದೆ, ಮತ್ತೆ ತಳ್ಳುತ್ತಾಳೆ. ನಿಜವಾದ ವಿಮಾನಗಳಲ್ಲೂ ಕೈಗೂ ಪ್ರತಿಕ್ರಿಯೆಗೂ ನಡುವೆ ತಡವಾದರೆ ಹೀಗೆಯೇ ಪೈಲಟ್ ತಾನೇ ವಿಮಾನವನ್ನು ತೂಗಾಡಿಸುವ ಸ್ಥಿತಿ ಬರುತ್ತದೆ. ಹಾರಾಟ ವಿಜ್ಞಾನದಲ್ಲಿ ಅದು ಹೆಸರಿರುವ, ಬಹಳ ಅಧ್ಯಯನವಾಗಿರುವ ಅಪಾಯ. ವಿಮಾನ ಕಂಪನಿಯ ಪೈಲಟ್‌ಗಳನ್ನು ತಯಾರು ಮಾಡುವ ಅತ್ಯುನ್ನತ ದರ್ಜೆಯ ಸಿಮ್ಯುಲೇಟರ್‌ಗಳಿಗೆ ಮಾನ್ಯತೆ ಕೊಡುವಾಗ ಕೈ ಆಡಿಸಿದ್ದಕ್ಕೂ ಅದರ ಪರಿಣಾಮ ಕಾಣುವುದಕ್ಕೂ ನಡುವಿನ ತಡ 150 ಮಿಲಿಸೆಕೆಂಡಿನ ಒಳಗಿರಬೇಕು ಎಂದು ಅಳೆದು ನೋಡುವುದು ಇದಕ್ಕಾಗಿಯೇ.

ಆದ್ದರಿಂದ ನಾನು ನೈಜತೆಯನ್ನು ಮೊದಲು ಹುಡುಕುವುದು ಕೈ ಮತ್ತು ಕಣ್ಣಿನ ನಡುವಿನ ಈ ಕೊಂಡಿಯಲ್ಲಿ. ಮರದ ಎಲೆ, ನೀರಿನ ಹೊಳಪು ಆಮೇಲೆ. ಸೆಟ್ಟಿಂಗ್ಸಿನ ಪ್ರತಿಯೊಂದು ಗುಂಡಿ ಮುಟ್ಟುವಾಗಲೂ ಇದೊಂದನ್ನು ಕೇಳಿಕೊಳ್ಳಿ: ಇದು ಅವಳ ಕೈಗೋ ಕಣ್ಣಿಗೋ ಹಾರಿಸಲು ಬೇಕಾದ ಸುದ್ದಿ ಕೊಡುತ್ತಿದೆಯೇ?

ಮೊದಲ ಬದಲಾವಣೆ ಕೇಳಲು ವಿಚಿತ್ರ ಅನ್ನಿಸಬಹುದು. ಎಫ್‌ಪಿಎಸ್‌ಗೆ ಮೇಲಿನ ಮಿತಿ ಹಾಕಿ. ಮೇಲೆ 70, ಕೆಳಗೆ 20 ಎಂದು ಓಲಾಡುವುದಕ್ಕಿಂತ ಎಲ್ಲೆಡೆ 36 ಎಂದು ಸ್ಥಿರವಾಗಿ ಓಡುವುದು ಕಣ್ಣಿಗೆ ಎಷ್ಟೋ ಹಿತ. 36 ಯಾಕೆಂದರೆ ನಿಮ್ಮ ಪರದೆ 144 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. 144 ಅನ್ನು ನಾಲ್ಕರಿಂದ ಭಾಗಿಸಿದರೆ 36 ಬರುತ್ತದೆ, ಪ್ರತಿ ಚಿತ್ರವೂ ಪರದೆಯ ಮೇಲೆ ಸಮಾನ ಹೊತ್ತು ನಿಲ್ಲುತ್ತದೆ. 60 ಹರ್ಟ್ಸ್ ಪರದೆ ಇರುವವರಿಗೆ 30, 120 ಇರುವವರಿಗೆ 40 ಅಥವಾ 30. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಆ ಒಂದು ಪ್ರೋಗ್ರಾಮಿಗೆ ಮಾತ್ರ ಈ ಮಿತಿ ಹಾಕಬಹುದು. ಇನ್ನೊಂದು ಲಾಭವೂ ಇದೆ: ವಿಮಾನ ಮೇಲಿರುವಾಗ ಲ್ಯಾಪ್‌ಟಾಪು ಸುಮ್ಮನೆ ದುಡಿದು ಬಿಸಿಯಾಗುವುದಿಲ್ಲ. ಒಂದು ಗಂಟೆ ಹಾರಿ ಇಳಿಯುವ ಹೊತ್ತಿಗೆ ಬಿಸಿಯೇರಿ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುವುದು ಗೇಮಿಂಗ್ ಲ್ಯಾಪ್‌ಟಾಪುಗಳ ಸಾಮಾನ್ಯ ಕಥೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಂತೂ ಹೇಳುವುದೇ ಬೇಡ. ಹಿಂಭಾಗವನ್ನು ಎರಡು ಪುಸ್ತಕದಷ್ಟು ಎತ್ತರಿಸಿ ಇಡಿ, ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ, ಚಾರ್ಜರ್ ಹಾಕಿಯೇ ಹಾರಿಸಿ.

ಇನ್ನು ಸೆಟ್ಟಿಂಗ್ಸ್. 'ಎಲ್ಲವೂ ಲೋ' ಎಂಬುದು ನಿಜಕ್ಕೂ ತಪ್ಪು ಮದ್ದು. ಪ್ರೊಸೆಸರಿಗೆ ಭಾರವಾಗಿರುವಾಗ ಮೋಡವನ್ನೂ ನೆರಳನ್ನೂ ಕೆಡಿಸಿಕೊಂಡು ಕೂತರೆ ಅಂದವೂ ಹೋಯಿತು, ತಡವರಿಕೆಯೂ ಉಳಿಯಿತು.

ಪ್ರೊಸೆಸರಿನ ಭಾರ ಇಳಿಸುವ ಗುಂಡಿಗಳಲ್ಲಿ ದೊಡ್ಡದು ಟೆರೇನ್ ಲೆವೆಲ್ ಆಫ್ ಡೀಟೇಲ್. ವಿಮಾನದ ಸುತ್ತ ಎಷ್ಟು ದೂರದವರೆಗೆ ನೆಲವನ್ನೂ ಕಟ್ಟಡಗಳನ್ನೂ ವಿವರವಾಗಿ ಕಟ್ಟಬೇಕು ಎಂಬುದನ್ನು ಇದು ಹೇಳುತ್ತದೆ. ಅತಿ ಮೇಲಿನ ದರ್ಜೆಯಾದ ಅಲ್ಟ್ರಾದಲ್ಲಿ ಇದು 200. ದೂರ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ ಎಂಬ ಶಾಲೆಯ ಲೆಕ್ಕ ಇಲ್ಲಿಗೂ ಹೆಚ್ಚುಕಡಿಮೆ ಹೊಂದುತ್ತದೆ. ಹಾಗಾಗಿ 200ರಿಂದ 100ಕ್ಕೆ ಇಳಿಸಿದರೆ ಅರ್ಧ ಭಾರವಲ್ಲ, ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಬೆಂಗಳೂರು, ಮುಂಬೈಗೆ ಎ320 ಇಳಿಸುವಾಗ 80ರಿಂದ 100 ಸಾಕು. ಆ ವೇಗದಲ್ಲಿ, ಆ ಗಮನದಲ್ಲಿ ಯಾರೂ ಹತ್ತು ಕಿಲೋಮೀಟರ್ ಆಚೆಯ ಅಪಾರ್ಟ್‌ಮೆಂಟ್ ಲೆಕ್ಕ ಹಾಕುವುದಿಲ್ಲ. ಸೆಸ್ನಾದಲ್ಲಿ ಮಲೆನಾಡಿನ ಮೇಲೆ ಹಾರುವ ದಿನ ಅದನ್ನೇ 150-200ಕ್ಕೆ ಏರಿಸಿ. ಅಲ್ಲಿ ದೊಡ್ಡ ನಿಲ್ದಾಣವಿಲ್ಲ, ಊರುಗಳು ಚಿಕ್ಕವು, ಬೆಟ್ಟದ ಆಕಾರವೇ ದಾರಿ ತೋರಿಸಬೇಕು. ಮಂಗಳೂರಿನ ಟೇಬಲ್‌ಟಾಪ್ ರನ್‌ವೇಗೆ ಇಳಿಯುವ ಅಭ್ಯಾಸಕ್ಕೂ ಸುತ್ತಲಿನ ಕಣಿವೆ ಕಣಿವೆಯಾಗಿಯೇ ಕಾಣಬೇಕು. ಒಂದೇ ಸೆಟ್ಟಿಂಗ್ ಎಲ್ಲ ಹಾರಾಟಕ್ಕೂ ಎಂಬ ಹಟ ಬೇಡ. ಎರಡು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಲಿ.

ಟ್ರಾಫಿಕ್ ಪುಟದಲ್ಲಿರುವುದೆಲ್ಲ, ಅಂದರೆ ನೆಲದ ಕೆಲಸಗಾರರು, ನಿಲ್ದಾಣದ ವಾಹನಗಳು, ರಸ್ತೆಯ ಕಾರುಗಳು, ನಿಂತ ವಿಮಾನಗಳು, ಧೈರ್ಯವಾಗಿ ಕಡಿಮೆ ಮಾಡಿ. ಕಾಕ್‌ಪಿಟ್ಟಿನ ಗಾಜಿನ ಪರದೆಗಳ ರಿಫ್ರೆಶ್ ದರವನ್ನು ಮೀಡಿಯಂಗೆ ತನ್ನಿ. ಎ320ಯಲ್ಲಿ ಇದರ ವ್ಯತ್ಯಾಸ ಗೊತ್ತಾಗುತ್ತದೆ, ಸೂಜಿಗಳ ಗಡಿಯಾರಗಳಿರುವ ಹಳೆಯ ಸೆಸ್ನಾದಲ್ಲಿ ಅಷ್ಟಾಗಿ ಇಲ್ಲ.

ಗ್ರಾಫಿಕ್ಸ್ ಚಿಪ್ಪಿನ ಕಡೆ ನಿಮಗೆ ಎಚ್ಚರ ಬೇಕಿರುವುದು ಒಂದೇ ವಿಷಯದಲ್ಲಿ. ಲ್ಯಾಪ್‌ಟಾಪಿನ 3060ರಲ್ಲಿ 6 ಜಿಬಿ ವಿಡಿಯೋ ಮೆಮೊರಿ ಮಾತ್ರ ಇರುತ್ತದೆ. ಟೆಕ್ಸ್‌ಚರ್ ರೆಸಲ್ಯೂಷನ್, ಅಂದರೆ ಮೇಲ್ಮೈಗಳ ಚಿತ್ರದ ಸೂಕ್ಷ್ಮತೆ, ಅಲ್ಟ್ರಾಗೆ ಇಟ್ಟರೆ ಅದು ತುಂಬಿ ತುಳುಕುತ್ತದೆ. ತುಳುಕಿದ್ದು ಸಾಮಾನ್ಯ ರ‍್ಯಾಮಿಗೆ ಹೋಗಿ ಬರುವಾಗ ಆಗುವ ನಿಲುಗಡೆ ಎಫ್‌ಪಿಎಸ್ ಸರಾಸರಿಯಲ್ಲಿ ಕಾಣುವುದಿಲ್ಲ, ಕಣ್ಣಿಗೆ ಮಾತ್ರ ಚುಚ್ಚುತ್ತದೆ. ಮೀಡಿಯಂ ಅಥವಾ ಹೈ ಇಡಿ. ಮೋಡಗಳನ್ನು ಹೈನಲ್ಲಿ ಬಿಡಿ. ಮೋಡದ ತಳ ಎಲ್ಲಿದೆ, ಮಳೆಯ ಪರದೆ ಎತ್ತ ಸಾಗುತ್ತಿದೆ ಎಂದು ನೋಡಿ ತೀರ್ಮಾನಿಸುವುದು ಪೈಲಟ್ ಕಲಿಯಲೇಬೇಕಾದದ್ದು. ಆನೈಸೋಟ್ರೋಪಿಕ್ ಫಿಲ್ಟರಿಂಗ್ ಎಂಬ ಬಾಯಿಗೆ ಬಾರದ ಹೆಸರಿನದೊಂದಿದೆ, ಅದನ್ನು 16ಕ್ಕೆ ಏರಿಸಿಬಿಡಿ. ಓರೆಯಾಗಿ ನೋಡುವ ಮೇಲ್ಮೈಗಳನ್ನು ಅದು ಸ್ಪಷ್ಟ ಮಾಡುತ್ತದೆ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವವರಿಗೆ ರನ್‌ವೇಗಿಂತ ಓರೆಯಾದದ್ದು ಏನಿದೆ? ಬಿಳಿ ಪಟ್ಟಿ, ಅಂಕಿ, ಚಕ್ರ ಮುಟ್ಟಬೇಕಾದ ಗುರುತು, ಎಲ್ಲ ದೂರದಿಂದಲೇ ಕಾಣುತ್ತವೆ, ವೆಚ್ಚ ಮಾತ್ರ ಇಲ್ಲವೆನ್ನುವಷ್ಟು. ನನಗೆ ಅತ್ಯಂತ ಪ್ರಿಯವಾದ ಸೆಟ್ಟಿಂಗ್ ಇದು.

ಡಿಎಲ್‌ಎಸ್‌ಎಸ್ ಬಗ್ಗೆ ನೀವು ಕೇಳಿಲ್ಲ, ಅಂಗಡಿಯವರು ಖಂಡಿತ ಹೇಳುತ್ತಾರೆ. ಅದು ಚಿಕ್ಕ ಚಿತ್ರ ಬಿಡಿಸಿ ಹಿಗ್ಗಿಸುವ ಜಾಣತನ, ಗ್ರಾಫಿಕ್ಸ್ ಚಿಪ್ಪಿನ ಭಾರ ಮಾತ್ರ ಇಳಿಸುತ್ತದೆ. ತಡೆ ಪ್ರೊಸೆಸರಿನಲ್ಲಿದ್ದರೆ ಏನೂ ದಕ್ಕುವುದಿಲ್ಲ. ಮೇಲಾಗಿ ಕಾಕ್‌ಪಿಟ್ ಪರದೆಯಲ್ಲಿ ಓಡುವ ಎತ್ತರದ ಅಂಕಿಗಳ ಹಿಂದೆ ಒರೆಸಿದಂತೆ ನೆರಳು ಬರುವುದುಂಟು. ಹೊಸ ಆವೃತ್ತಿಗಳಲ್ಲಿ ಇದು ಬಹಳ ಸುಧಾರಿಸಿದೆ. ಇನ್ನು ಹೊಸ ಕಾರ್ಡುಗಳ ಫ್ರೇಮ್ ಜನರೇಷನ್. ಎರಡು ನಿಜವಾದ ಚಿತ್ರಗಳ ನಡುವೆ ಒಂದು ಊಹೆಯ ಚಿತ್ರವನ್ನು ಅದು ತುರುಕುತ್ತದೆ. ಮೀಟರ್ 30ರ ಬದಲು 60 ತೋರಿಸುತ್ತದೆ, ಕಣ್ಣಿಗೂ ನಯವಾಗಿ ಕಾಣುತ್ತದೆ. ಆದರೆ ಆ ನಡುವಿನ ಚಿತ್ರಕ್ಕೆ ಸ್ಟಿಕ್ ಹಿಡಿದ ಕೈಯ ಸುದ್ದಿ ಗೊತ್ತಿಲ್ಲ, ಮೇಲಿಂದ ಇನ್ನೊಂದಿಷ್ಟು ತಡವೂ ಸೇರುತ್ತದೆ. ಆಟೋಪೈಲಟ್ ಹಾಕಿ ದೆಹಲಿಗೆ ಹೋಗುವವರಿಗೆ ಒಳ್ಳೆಯದು. ಫ್ಲೇರ್ ಕಲಿಯುವವರಿಗೂ ಹೆಲಿಕಾಪ್ಟರ್ ನಿಲ್ಲಿಸುವವರಿಗೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಈಗ ನನಗೆ ಹೆಚ್ಚು ಹೇಳಬೇಕೆನಿಸುವ ಭಾಗ. ಎಫ್‌ಪಿಎಸ್‌ನಿಂದ ಒಂದು ಅಂಕಿಯನ್ನೂ ಕೇಳದ ನೈಜತೆ ಬೇಕಾದಷ್ಟಿದೆ, ಬಹಳ ಮನೆಗಳಲ್ಲಿ ಅದು ಮುಟ್ಟದೆಯೇ ಉಳಿದಿರುತ್ತದೆ.

ಮಗಳಿಗೆ ಒಂದು ಪ್ರಯೋಗ ಮಾಡಲು ಹೇಳಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಸೆಸ್ನಾ 172 ನಿಲ್ಲಿಸಿ, ಹವಾಮಾನದಲ್ಲಿ ತಾಪಮಾನವನ್ನು 10 ಡಿಗ್ರಿಗೆ ಇಟ್ಟು ಟೇಕಾಫ್ ಮಾಡಲಿ. ಎಷ್ಟು ದೂರ ಓಡಿ ಮೇಲೆದ್ದಿತು, ನಿಮಿಷಕ್ಕೆ ಎಷ್ಟು ಅಡಿ ಏರಿತು ಎಂದು ಬರೆದುಕೊಳ್ಳಲಿ. ಆಮೇಲೆ ಅದೇ ಜಾಗದಲ್ಲಿ 35 ಡಿಗ್ರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ 9 ಡಿಗ್ರಿ. ಒಂದೊಂದು ಡಿಗ್ರಿ ಹೆಚ್ಚಾದಾಗಲೂ ಸುಮಾರು 120 ಅಡಿ ಸೇರಿಸುತ್ತ ಹೋದರೆ, 35 ಡಿಗ್ರಿಯ ಮಧ್ಯಾಹ್ನ ಆ ಪುಟ್ಟ ಎಂಜಿನ್ನಿಗೂ ರೆಕ್ಕೆಗೂ ಸಿಗುವ ಗಾಳಿ 6,000 ಅಡಿ ಎತ್ತರದ ಗಾಳಿಯಷ್ಟು ತೆಳು. ಪೈಲಟ್‌ಗಳು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುವುದು ಇದನ್ನೇ. ವಿಮಾನ ಓಡುತ್ತಲೇ ಇರುತ್ತದೆ, ಮೇಲೇಳಲು ಒಲ್ಲೆ ಅನ್ನುತ್ತದೆ, ಎದ್ದ ಮೇಲೂ ಏರುವುದು ನಿಧಾನ. ಸೆಸ್ನಾ 172ರ ಕೈಪಿಡಿ 3,000 ಅಡಿಗಿಂತ ಎತ್ತರದ ನಿಲ್ದಾಣಗಳಿಂದ ಏಳುವಾಗ ಇಂಧನ ಮಿಶ್ರಣವನ್ನು ತೆಳು ಮಾಡಿ ಎಂಜಿನ್ನಿನ ಗರಿಷ್ಠ ಸುತ್ತು ಪಡೆಯಬೇಕು ಎನ್ನುತ್ತದೆ. ಬೆಂಗಳೂರು ಸರಿಯಾಗಿ ಆ ಗಡಿಯ ಮೇಲೆಯೇ ಕೂತಿದೆ. ಚಿತ್ರವನ್ನು ಲೋನಲ್ಲಿಟ್ಟರೂ ಈ ಪಾಠದ ಒಂದಕ್ಷರ ಕಡಿಮೆಯಾಗುವುದಿಲ್ಲ. ಆದರೆ ಸಹಾಯದ ಪುಟದಲ್ಲಿ ಆಟೋ ಮಿಕ್ಸ್‌ಚರ್, ಆಟೋ ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಆನ್ ಇದ್ದರೆ ಮಿಶ್ರಣದ ಪಾಠ, ಕಾಲಿನ ಪಾಠ ಎರಡೂ ಅಳಿಸಿಹೋಗುತ್ತವೆ. ಆ ಪುಟವನ್ನು 'ಟ್ರೂ ಟು ಲೈಫ್' ಆಯ್ಕೆಗೆ ತನ್ನಿ. ಮೊದಲ ವಾರ ಟೇಕಾಫಿನಲ್ಲಿ ವಿಮಾನ ಎಡಕ್ಕೆ ಎಳೆದು ಹುಲ್ಲಿಗೆ ಇಳಿಯುತ್ತದೆ. ಬಲಗಾಲು ಕೆಲಸ ಮಾಡಬೇಕು ಎಂದು ಅವಳಿಗೇ ತಿಳಿಯುತ್ತದೆ.

ಇನ್ನೊಂದು, ನೋಟದ ಕೋನ. ಇದನ್ನು ಅಳೆದು ನೋಡುವವರು ಬಹಳ ಕಡಿಮೆ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಅಗಲ ಸುಮಾರು 34 ಸೆಂಟಿಮೀಟರ್. 60 ಸೆಂಟಿಮೀಟರ್ ದೂರ ಕೂತರೆ ಅದು ಕಣ್ಣಿಗೆ ತುಂಬುವುದು ಸುಮಾರು 32 ಡಿಗ್ರಿ ಮಾತ್ರ. ಸಿಮ್ಯುಲೇಟರ್ ಅಷ್ಟೇ ಕಿಟಕಿಯಲ್ಲಿ ಅದರ ಎರಡು ಪಟ್ಟೋ ಹೆಚ್ಚೋ ಅಗಲದ ಜಗತ್ತನ್ನು ಅದುಮಿ ತೋರಿಸುತ್ತದೆ. ಹಾಗೆ ಅದುಮಿದಾಗ ರನ್‌ವೇ ಇರುವುದಕ್ಕಿಂತ ಚಿಕ್ಕದಾಗಿ, ದೂರವಾಗಿ ಕಾಣುತ್ತದೆ. ಕಣ್ಣು ಮೋಸಹೋಗಿ ಫ್ಲೇರ್ ತಡವಾಗುತ್ತದೆ. ಸಿಮ್ಯುಲೇಟರಿನಲ್ಲಿ ಕಲಿತವರು ನೆಲಕ್ಕೆ ಗುದ್ದಿಸುವುದಕ್ಕೆ ಇದು ದೊಡ್ಡ ಕಾರಣ ಎಂಬುದು ನನ್ನ ಅನುಭವ. ಕೊನೆಯ ಎರಡು ಮೈಲಿ ಬರುವಾಗ ಜೂಮ್ ಹೆಚ್ಚಿಸಿ ರನ್‌ವೇಯನ್ನು ಅದರ ನಿಜ ಗಾತ್ರಕ್ಕೆ ಹತ್ತಿರ ತರಲಿ. ಜಾಯ್‌ಸ್ಟಿಕ್ಕಿನ ಒಂದು ಗುಂಡಿಗೆ ಅದನ್ನು ಕಟ್ಟಿಡಬಹುದು. ಉಪಕರಣಗಳ ಒಂದಷ್ಟು ಭಾಗ ಪರದೆಯಿಂದ ಆಚೆ ಹೋಗುತ್ತದೆ, ವೇಗದ ಮಾಪಕವೊಂದು ಒಳಗಿರುವಂತೆ ನೋಡಿಕೊಂಡರೆ ಸಾಕು. ನೋಟ ಕಿರಿದಾದಷ್ಟೂ ಬಿಡಿಸಬೇಕಾದ ವಸ್ತುಗಳೂ ಕಡಿಮೆ, ಹಾಗಾಗಿ ಎಫ್‌ಪಿಎಸ್ ಕೂಡ ಒಂದೆರಡು ಏರುತ್ತದೆ.

ಸ್ಟಿಕ್ಕಿನ ಸೆನ್ಸಿಟಿವಿಟಿಯನ್ನೂ ಒಮ್ಮೆ ನೋಡಿ. ಮೇಜಿನ ಮೇಲಿನ ಗೇಣುದ್ದದ ಸ್ಟಿಕ್ಕು ಸೆಸ್ನಾದ ಯೋಕ್ ಎಂಬ ಹಿಡಿಕೆಯಷ್ಟು ದೂರ ಚಲಿಸುವುದಿಲ್ಲ, ಹಾಗಾಗಿ ನಡುವಿನಲ್ಲಿ ವಿಪರೀತ ಚುರುಕು. ಮೈನಸ್ 30ರ ಸುತ್ತ ಇಟ್ಟರೆ ನಡುಭಾಗ ಮೃದುವಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡ, ಅಂಚಿನಲ್ಲಿ ಥಟ್ಟನೆ ಜೋರಾಗಿಬಿಡುತ್ತದೆ.

ಹಾಗಾದರೆ ಗ್ರಾಫಿಕ್ಸ್ ಬರೀ ಅಲಂಕಾರವೇ ಎಂದು ಮಗಳು ಕೇಳಬಹುದು. ಅಲ್ಲ, ಅವಳ ಬೇಸರದಲ್ಲಿ ಅರ್ಧ ನ್ಯಾಯವಿದೆ. 1929ರಲ್ಲಿ ಅಮೆರಿಕದ ಎಡ್ ಲಿಂಕ್ ತನ್ನ ತಂದೆಯ ಪಿಯಾನೋ ಮತ್ತು ಆರ್ಗನ್ ಕಾರ್ಖಾನೆಯ ತಿದಿ, ಗಾಳಿ ಪಂಪುಗಳನ್ನು ಬಳಸಿ ಕಟ್ಟಿದ ಲಿಂಕ್ ಟ್ರೈನರ್‌ನಲ್ಲಿ ಹೊರಗಿನ ಚಿತ್ರವೇ ಇರಲಿಲ್ಲ. ಮುಚ್ಚಳ ಹಾಕಿದ ಪೆಟ್ಟಿಗೆಯೊಳಗೆ ಕೂತು ಉಪಕರಣ ನೋಡಿ ಹಾರುವುದನ್ನು ಎರಡನೇ ಮಹಾಯುದ್ಧದ ಲಕ್ಷಾಂತರ ವಾಯುಯೋಧರು ಅದರಲ್ಲಿ ಕಲಿತರು. ಮೋಡದೊಳಗೆ ಉಪಕರಣ ನಂಬಿ ಹಾರುವ ಅಭ್ಯಾಸಕ್ಕೆ ಇಂದಿಗೂ ಅಷ್ಟೇ ಸಾಕು. ಆ ದಿನಗಳಲ್ಲಿ ಮಗಳು ನೆಲದ ವಿವರವನ್ನೆಲ್ಲ ಲೋಗೆ ಇಳಿಸಿ, ಕಾಕ್‌ಪಿಟ್ ಅಂಕಿಗಳು ಸ್ಪಷ್ಟವಾಗಿರುವಂತೆ ನೋಡಿಕೊಂಡರೆ ಏನೂ ನಷ್ಟವಿಲ್ಲ. ಆದರೆ ಫ್ಲೈಯಿಂಗ್ ಸ್ಕೂಲಿನ ಮೊದಲ ತಿಂಗಳುಗಳ ಹಾರಾಟ ಪೂರ್ತಿ ಕಣ್ಣಿನದು. ಮೂತಿ ದಿಗಂತದಿಂದ ಎಷ್ಟು ಕೆಳಗಿದೆ, ರೆಕ್ಕೆಯ ತುದಿ ರನ್‌ವೇಗೆ ಎಷ್ಟು ದೂರ, ಕೆರೆ ಬಲಕ್ಕೋ ಎಡಕ್ಕೋ ಎಂದು ಹೊರಗೆ ನೋಡಿ ಹಾರಿಸಬೇಕು. ಮನೆಯಲ್ಲಿ ಸಿಮ್ಯುಲೇಟರ್ ಆಡಿ ಬಂದ ಮಕ್ಕಳ ಬಗ್ಗೆ ಬೋಧಕರು ಸಾಮಾನ್ಯವಾಗಿ ಹೇಳುವ ದೂರು, ಅವರು ಹೊರಗೆ ನೋಡುವುದೇ ಇಲ್ಲ, ತಲೆ ಬಗ್ಗಿಸಿ ಗಡಿಯಾರಗಳನ್ನೇ ನೋಡುತ್ತಾರೆ ಎಂದು. ಹೊರಗಿನ ಜಗತ್ತು ಮಂಕಾಗಿ, ತಡವರಿಸುತ್ತ ಇದ್ದರೆ ಕಣ್ಣು ಸಹಜವಾಗಿ ಉಪಕರಣದ ಕಡೆ ಓಡುತ್ತದೆ, ಮಕ್ಕಳ ತಪ್ಪಲ್ಲ ಅದು. ಹಾಗಾಗಿ ಕಣ್ಣಿನ ಹಾರಾಟಕ್ಕೆ ದಿಗಂತ, ಬೆಟ್ಟದ ಆಕಾರ, ಕೆರೆ, ರಸ್ತೆ, ರೈಲು ಹಳಿ ಚೆನ್ನಾಗಿ ಕಾಣಲೇಬೇಕು. ಜಕ್ಕೂರಿನಿಂದ ಎದ್ದು ಉತ್ತರಕ್ಕೆ ತಿರುಗಿದಾಗ 4,850 ಅಡಿಯ ನಂದಿ ಬೆಟ್ಟ ಇರಬೇಕಾದ ಕಡೆ ಇರಬೇಕು. ಕಟ್ಟಡಗಳ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ನಮ್ಮ ಊರುಗಳಲ್ಲಿ ಕಾಣುವ ಬಹುಪಾಲು ಕಟ್ಟಡಗಳು ಆಕಾಶದಿಂದ ತೆಗೆದ ಚಿತ್ರ ನೋಡಿ ಗಣಕ ಊಹಿಸಿ ಎಬ್ಬಿಸಿದವು. ನಿಮ್ಮ ಮನೆ ಇರುವ ಜಾಗದಲ್ಲಿ ಮನೆಯೊಂದು ಇರುತ್ತದೆ, ಅದು ನಿಮ್ಮ ಮನೆಯ ಹಾಗಿರುವುದಿಲ್ಲ. ಅವನ್ನು ಎಷ್ಟು ವಿವರವಾಗಿ ಬಿಡಿಸಿದರೂ ಅದರಿಂದ ದಾರಿ ಹುಡುಕುವುದು ಸಾಧ್ಯವಿಲ್ಲ.

ಎಕ್ಸ್-ಪ್ಲೇನ್ ವಿಚಾರ. ಆಸ್ಟಿನ್ ಮೇಯರ್ ಕಟ್ಟಿದ ಆ ಸಿಮ್ಯುಲೇಟರನ್ನು ನಾನು ಬಹಳ ಗೌರವಿಸುತ್ತೇನೆ. ರೆಕ್ಕೆ, ಬಾಲ, ಪ್ರೊಪೆಲ್ಲರನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ವಿಭಾಗಿಸಿ ಒಂದೊಂದರ ಮೇಲೂ ಗಾಳಿ ಏನು ಮಾಡುತ್ತದೆ ಎಂದು ಲೆಕ್ಕ ಹಾಕುತ್ತದೆ. ಸ್ಟಿಕ್ ಹಿಡಿದಾಗ ವಿಮಾನಕ್ಕೆ ತೂಕವಿದೆ ಅನ್ನಿಸುತ್ತದೆ. ಆದರೆ ನಿಮ್ಮ ತೊಂದರೆ ಬಗೆಹರಿಯದೆ ಅದಕ್ಕೆ ಹೋದರೆ ಉಪಯೋಗವಿಲ್ಲ, ಯಾಕೆಂದರೆ ಅದರ ಹಾರಾಟದ ಲೆಕ್ಕ ಚಿತ್ರದ ಜೊತೆಗೇ ನಡೆಯುತ್ತದೆ. ಪ್ರತಿ ಚಿತ್ರಕ್ಕೆ ಎಷ್ಟು ಸಲ ಲೆಕ್ಕ ಹಾಕಬೇಕು ಎಂಬ ಸೆಟ್ಟಿಂಗ್ ಕೂಡ ಇದೆ. ಎಫ್‌ಪಿಎಸ್ ಸುಮಾರು 20ಕ್ಕಿಂತ ಕೆಳಗಿಳಿದರೆ ಅದು ಸಮಯವನ್ನೇ ನಿಧಾನ ಮಾಡಿಬಿಡುತ್ತದೆ. ಗೋಡೆ ಗಡಿಯಾರದಲ್ಲಿ ಒಂದು ನಿಮಿಷ ಕಳೆದರೆ ವಿಮಾನದಲ್ಲಿ 50 ಸೆಕೆಂಡೇ ಕಳೆದಿರುತ್ತದೆ. ಉಚಿತವಾಗಿ ಸಿಗುವ ಫ್ಲೈಟ್‌ಗೇರ್ ಇನ್ನೊಂದು ದಾರಿ ಹಿಡಿದಿದೆ. ಚಿತ್ರ ಎಷ್ಟೇ ನಿಧಾನವಿರಲಿ, ಹಾರಾಟದ ಲೆಕ್ಕ ಸಾಮಾನ್ಯವಾಗಿ ಸೆಕೆಂಡಿಗೆ 120 ಸಲ ನಡೆಯುತ್ತದೆ. ಅದರ ನೋಟ ಸರಳ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಎಕ್ಸ್-ಪ್ಲೇನಿನ ಉಚಿತ ಡೆಮೋ ಒಂದನ್ನು ಮಗಳು ರಜೆಯಲ್ಲಿ ಹಾಕಿ ನೋಡಲಿ, ಖರೀದಿಯ ಮಾತು ಆಮೇಲೆ. ಮೈಕ್ರೋಸಾಫ್ಟಿನ 2024ರ ಆವೃತ್ತಿಗೆ ಹೋಗುವ ಯೋಚನೆ ಇದ್ದರೆ, ಅದು ಶಿಫಾರಸು ಮಾಡುವುದು 32 ಜಿಬಿ ರ‍್ಯಾಮ್. ಇಂಟರ್‌ನೆಟ್‌ನಿಂದ ಹಾರುತ್ತಲೇ ಇಳಿಸಿಕೊಳ್ಳುವುದೂ ಮೊದಲಿಗಿಂತ ಹೆಚ್ಚು. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಸಂಜೆ ಹೊತ್ತು ಹೇಗಿರುತ್ತದೆ ಎಂದು ನೋಡಿಕೊಂಡು ಮುಂದುವರಿಯಿರಿ.

ಕೊನೆಗೆ ಹಣದ ಮಾತು. ನಾನಾಗಿದ್ದರೆ ಮೊದಲು ರ‍್ಯಾಮ್ ನೋಡುತ್ತಿದ್ದೆ. ಲ್ಯಾಪ್‌ಟಾಪಿನ 16 ಜಿಬಿ ಒಂದೇ ಕಡ್ಡಿಯಲ್ಲಿದ್ದು ಇನ್ನೊಂದು ಸ್ಲಾಟ್ ಖಾಲಿ ಇದ್ದರೆ, ಅದೇ ಜಾತಿಯ ಇನ್ನೊಂದು 16 ಹಾಕಿಸಿ. ಮೆಮೊರಿ ಎರಡು ದಾರಿಯಲ್ಲಿ ಓಡತೊಡಗುತ್ತದೆ, ಪ್ರೊಸೆಸರಿಗೆ ತಡೆಯಿದ್ದ ಕಡೆ ಇದು ನೇರವಾಗಿ ನೆರವಾಗುತ್ತದೆ. ಎರಡನೆಯ ಖರ್ಚು ರಡರ್ ಪೆಡಲ್. ಕಾಲಿನಿಂದ ಮಾಡಬೇಕಾದ್ದನ್ನು ಸ್ಟಿಕ್ ತಿರುಚಿ ಮಾಡುವ ಅಭ್ಯಾಸ ಫ್ಲೈಯಿಂಗ್ ಸ್ಕೂಲಿನಲ್ಲಿ ಬಿಡಿಸಿಕೊಳ್ಳಲು ಕಷ್ಟ. ಇಷ್ಟಾದ ಮೇಲೂ ಡೆಸ್ಕ್‌ಟಾಪ್ ತೆಗೆದುಕೊಳ್ಳುವ ದಿನ ಬಂದರೆ, ಅಂಗಡಿಯವರಿಗೆ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿ ಪ್ರೊಸೆಸರನ್ನು ಒಂದು ಮೆಟ್ಟಿಲು ಏರಿಸಲು ಹೇಳಿ. ಎಎಮ್‌ಡಿಯ ಎಕ್ಸ್3ಡಿ ಹೆಸರಿನ ಪ್ರೊಸೆಸರ್‌ಗಳಲ್ಲಿ, ಉದಾಹರಣೆಗೆ ರೈಝೆನ್ 7 7800ಎಕ್ಸ್3ಡಿಯಲ್ಲಿ, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗೇ ಇರುವ ಚುರುಕು ಮೆಮೊರಿ) ಇದೆ. ಚದುರಿದ ಸಾವಿರಾರು ಚಿಕ್ಕ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡುವ ಸಿಮ್ಯುಲೇಟರ್‌ಗಳಿಗೆ ಆ ದೊಡ್ಡ ಕ್ಯಾಶ್ ಹೇಳಿ ಮಾಡಿಸಿದ್ದು. ಕಾರ್ಡಿನಲ್ಲಿ 12 ಜಿಬಿ ಮೆಮೊರಿ ಇದ್ದರೆ ನೆಮ್ಮದಿ. ಪರದೆ ಕೊಳ್ಳುವಾಗ 4ಕೆ ಬೇಡ. ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳಿದ್ದರೆ 4ಕೆಯಲ್ಲಿ 83 ಲಕ್ಷ, ನಾಲ್ಕು ಪಟ್ಟು ಕೆಲಸ. ಎರಡರ ನಡುವಿನ 1440 ಸಾಲಿನ 27 ಇಂಚು ಸಾಕು.

ಇನ್ನೊಂದು ವಿಷಯ ತಂದೆಯಾಗಿ ನಿಮಗೆ ಗೊತ್ತಿರಲಿ. ಮನೆಯ ಸಿಮ್ಯುಲೇಟರಿನ ಒಂದು ಗಂಟೆಯೂ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಒಪ್ಪುವ ಲಾಗ್‌ಬುಕ್ಕಿಗೆ ಸೇರುವುದಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆ ನಿಜವಾದ ತರಬೇತಿಯಲ್ಲೇ ಆಗಬೇಕು, ಮತ್ತು ಅಲ್ಲಿನ ಒಂದೊಂದು ಗಂಟೆಯೂ ಸಾವಿರಗಳ ಲೆಕ್ಕದಲ್ಲಿ ದುಬಾರಿ. ಚೆಕ್‌ಲಿಸ್ಟ್ ಬಾಯಿಪಾಠ, ರನ್‌ವೇ ಸುತ್ತ ಹಾರಿ ಇಳಿಯುವ ಸರ್ಕ್ಯೂಟಿನ ಕ್ರಮ, ಯಾವ ಘಟ್ಟದಲ್ಲಿ ಎಷ್ಟು ವೇಗ, ಬಲಗಾಲಿನ ಅಭ್ಯಾಸ, ಇವನ್ನು ಮನೆಯಲ್ಲೇ ಕಲಿತು ಹೋದರೆ ಆ ದುಬಾರಿ ಗಂಟೆಗಳಲ್ಲಿ ಅವಳು ನಿಜವಾಗಿ ಹಾರಿಸುವುದನ್ನು ಕಲಿಯಬಹುದು. ಈ ವಾರ ರೆಂಡರ್ ಸ್ಕೇಲಿಂಗ್ ಪರೀಕ್ಷೆ, 36ರ ಮಿತಿ, ಟೆರೇನ್ ಡೀಟೇಲ್ 100, ಟ್ರಾಫಿಕ್ ಕಡಿಮೆ. ಅಷ್ಟು ಮಾಡಿ ಬೆಂಗಳೂರಿಗೆ ಹತ್ತು ಸಲ ಇಳಿಸಲಿ. ಗೇಟಿನ ಎರಡೂ ಎಫ್‌ಪಿಎಸ್ ಅಂಕಿಗಳನ್ನೂ, ಆ ಹತ್ತು ಇಳಿಕೆಗಳಲ್ಲಿ ಎಷ್ಟು ನಯವಾಗಿ ಆದವು ಎಂಬುದನ್ನೂ ಬರೆದು ಕಳಿಸಿ. ಡೆಸ್ಕ್‌ಟಾಪ್ ಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.